ಭಾಗವ್ವನ ರೊಟ್ಟಿ ದಪ್ಪಗಾದ ಕಾರಣ

ಮುಚ್ಚಂಡಿಯ ಭಾಗವ್ವ ಒಂಬತ್ತನೇ ವಯಸ್ಸಿಗೆ ರೊಟ್ಟಿ ಬಡಿಯಲು ಕುಳಿತವಳು, ಐವತ್ತು ದಾಟಿದರೂ ಎದ್ದಿಲ್ಲ. ಅವಳ ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಅದರ ಹೆಸರು ಕೇಳಿ ಸಾಂಗಲಿ ಕಡೆಯ ಒಂದು ಕಂಪನಿ ಅವಳ ಬಚತ್ ಗಟಕ್ಕೆ, ಅಂದರೆ ಹಿಟ್ಟು ನಾದುವ, ಒಲೆ ಹಚ್ಚುವ ಏಳು ಹೆಂಗಸರ ಉಳಿತಾಯ ಗುಂಪಿಗೆ, ಕೆಲಸ ಕೊಟ್ಟಿತು. ಷರತ್ತು ಒಂದೇ: ಡಬ್ಬಿಯಲ್ಲಿ ಹತ್ತು ರೊಟ್ಟಿ ಹಿಡಿಯಬೇಕು, ಮುಚ್ಚಳ ಕೂಡಬೇಕು.

ಕೆಲವು ದಿನ ಕೂಡಿತು. ಕೆಲವು ದಿನ ಎಂಟಕ್ಕೇ ಡಬ್ಬಿ ತುಂಬಿತು. ಕಂಪನಿಯ ಗುಣಮಟ್ಟದ ಸಾಹೇಬ ರವಿಕುಮಾರ ಕಾರಣ ಹುಡುಕಲು ಬಂದ. ಹದಿನೈದು ದಿನ ಅಡುಗೆಮನೆಯಲ್ಲೇ ಠಿಕಾಣಿ. ಜೋಳ ತೂಗಿದ, ನೀರಿನ ಬಿಸಿ ನೋಡಿದ, ಗಾಳಿಯ ದಿಕ್ಕು ಬರೆದುಕೊಂಡ, ಕಟ್ಟಿಗೆಯನ್ನು ಮೂಸಿಯೂ ನೋಡಿದ. ಭಾಗವ್ವನ ಅಂಗೈ ಅಳೆಯಲು ಬಂದಾಗ ಅವಳು ಗದರಿದಳು: “ನಿನ್ನಿ ಇದ್ದ ಕೈನ ಇವತ್ತೂ ಐತ್ರಿ. ಬ್ಯಾರೆ ತರಾಕ ಹೋಗಿಲ್ಲ!”

ಕೊನೆಗೂ ಕಾರಣ ಸಿಕ್ಕಿತು. ಪಕ್ಕದ ಮನೆಯ ಅಕ್ಕವ್ವನ ಕುರಿ ಹಿತ್ತಲಿಗೆ ನುಗ್ಗಿ, ಗೋಡೆಯ ಆಚೀಚೆ ಜಗಳ ಹತ್ತಿದ ದಿನ ಭಾಗವ್ವ ಸಿಟ್ಟಿನಿಂದ ಬಡಿಯುತ್ತಿದ್ದಳು. ರೊಟ್ಟಿ ಹಪ್ಪಳದಷ್ಟು ತೆಳ್ಳಗೆ. ಜಗಳವಿಲ್ಲದ ದಿನ ದಪ್ಪ. ರವಿಕುಮಾರ ಫಾರ್ಮಿನಲ್ಲಿ ‘ಕಾರಣ’ ಎಂಬ ಜಾಗದಲ್ಲಿ ‘ಅಕ್ಕವ್ವ’ ಎಂದು ಬರೆದು ಸಹಿ ಹಾಕಿದ. ಮರುದಿನವೇ ಅಕ್ಕವ್ವನ ನೇಮಕವಾಯಿತು. ಬೆಳಿಗ್ಗೆ ಎಂಟಕ್ಕೆ ಹಾಜರಿ ಹಾಕಿ, ಒಲೆಯೆದುರು ಕುರ್ಚಿಯಲ್ಲಿ ಕುಳಿತು, ಹನ್ನೆರಡರ ತನಕ ಭಾಗವ್ವನನ್ನು ಬೈಯಬೇಕು. ಭಾನುವಾರ ರಜೆ.

ಒಂದು ವಾರ ಸುರಳೀತ ನಡೆಯಿತು. ಆಮೇಲೆ ಕೆಟ್ಟಿತು. ಪಗಾರಕ್ಕೆ ಬೈಯುವವಳ ಮೇಲೆ ಎಷ್ಟೆಂದು ಸಿಟ್ಟು ಬಂದೀತು? ಪಾಪ, ಗಂಟಲು ಒಣಗೀತೆಂದು ಭಾಗವ್ವ ಚಹಾ ಕೊಡತೊಡಗಿದಳು. “ನಿನ್ನ ಬಾಯಾಗ ಮಣ್ಣ ಹಾಕ್ಲಿ, ಸಕ್ರಿ ಇನ್ನೊಂದೀಟು ಹಾಕು,” ಎನ್ನುತ್ತಿದ್ದಳು ಅಕ್ಕವ್ವ. ಇಬ್ಬರೂ ನಗುತ್ತಿದ್ದರು. ಈ ವಯಸ್ಸಿನಲ್ಲಿ ಸಿಕ್ಕ ಗೆಳೆತನ ಭಾಗವ್ವನಿಗೆ ನಿಜಕ್ಕೂ ಹಿತವಾಗಿತ್ತು. ರೊಟ್ಟಿ ಮತ್ತೆ ದಪ್ಪಗಾಯಿತು.

ಶನಿವಾರದ ತಪಾಸಣೆಯಲ್ಲಿ ಮುಚ್ಚಳ ಕೂಡದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ ಎಂದು ಕಂಪನಿ ತಿಳಿಸಿತು. ಆ ದಿನ ಏಳೂ ಹೆಂಗಸರು ಭಾಗವ್ವನ ಕೈಯನ್ನೇ ನೋಡುತ್ತ ನಿಂತರು. ಅಕ್ಕವ್ವ ತನ್ನ ಅತ್ತೆಯ ಕಾಲದ ಬೈಗುಳಗಳನ್ನೆಲ್ಲ ಹೊರತೆಗೆದಳು. ಭಾಗವ್ವನಿಗೆ ನಗುವೇ ಬಂತು. ಮೊದಲ ಡಬ್ಬಿ ಕೂಡಲಿಲ್ಲ. ಎರಡನೆಯದೂ ಇಲ್ಲ.

ಅಕ್ಕವ್ವನ ಮುಖ ಬಿಳಿಚಿತು. ಕುರ್ಚಿಯಿಂದೆದ್ದು ಮೆಲ್ಲಗೆ ಹೇಳಿದಳು: “ಭಾಗವ್ವ, ನಿಮ್ಮವ್ವ ಸತ್ತ ದಿನ ನಿನ್ನ ತವರು ಡಫಳಾಪುರದಿಂದ ನಮ್ಮ ಮನಿಗಿ ಫೋನ್ ಮುಂಜಾನೆನ ಬಂದಿತ್ತು. ಆಗಿನ್ನೂ ಜೀವ ಇತ್ತಂತ. ನಿನ್ನ ಕೇಳಾಕತ್ತಿದ್ಲಂತ. ನಮ್ಮ ಮನಿ ಮದಿವಿ ರೊಟ್ಟಿ ನೀ ಬಡ್ಯಾಕತ್ತಿದ್ದಿ. ಅರ್ಧಕ್ಕ ಬಿಟ್ಟು ಹೋಗ್ತಿ ಅಂತ ನಾ ಸಂಜಿತನಕ ಹೇಳಲಿಲ್ಲ.”

ಭಾಗವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಆಮೇಲೆ ಅವಳು ಬಡಿಯತೊಡಗಿದಳು. ಬೆಳಕು ಹಾಯುವಷ್ಟು ತೆಳ್ಳಗೆ, ಒಂದರಂತೆ ಇನ್ನೊಂದು. ಉಳಿದ ಹದಿನೆಂಟು ಡಬ್ಬಿಗಳ ಮುಚ್ಚಳವೂ ಕೂಡಿತು.

ರವಿಕುಮಾರ ಹಿಗ್ಗಿ ಅಕ್ಕವ್ವನ ಕಡೆ ತಿರುಗಿದ. “ಭಾರಿ ಕೆಲಸ ಮಾಡಿದ್ರಿ. ಇದನ್ನ ದಿನಾ ಹೇಳಾಕ ಆಗ್ತದೇನ್ರಿ?”

“ಅಕಿ ಇನ್ನ ಬರೂದು ಬ್ಯಾಡ್ರಿ,” ಎಂದಳು ಭಾಗವ್ವ, ತಲೆಯೆತ್ತದೆ. “ಒಮ್ಮೆ ಹೇಳಿದ್ದು ನಾ ಸಾಯೂತನಕ ಸಾಲ್ತದ.”