ಹಳೇ ರೇಟಿನ ಚಿಮಣಿ ಎಣ್ಣೆ

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ನನಗೀಗ ಎಂಬತ್ತು ದಾಟಿದೆ, ಅವರು ಮಣ್ಣಿಗೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಆ ಹೆಸರು ಬಾಯಿಗೆ ಬರುವುದಿಲ್ಲ. ಹಾಗಾಗಿ ಇಲ್ಲಿ ಅವರು ಬರೀ ‘ಅವರು’. ಓದುವವರು ಬೇಸರ ಮಾಡಿಕೊಳ್ಳಬಾರದು. ಮಾಡಿಕೊಂಡರೆ ನಾನೇನು ಮಾಡಲಿ?

ಪ್ರತಿ ವರ್ಷ ಬಜೆಟ್ಟಿನ ದಿನ ನನ್ನ ಮೊಮ್ಮಗ ಟಿವಿ ಮುಂದೆ ಕೂತು ಯಾವುದು ಏರಿತು, ಯಾವುದು ಇಳಿಯಿತು ಎಂದು ಕೂಗಿ ಹೇಳುತ್ತಾನೆ. ನಾನು ಎದ್ದು ಅಡಿಗೆ ಮನೆಗೆ ಹೋಗುತ್ತೇನೆ. “ಅಜ್ಜಿಗೆ ಇದೆಲ್ಲಾ ತಿಳಿಯೂದಿಲ್ಲ” ಎಂದು ನಗುತ್ತಾನೆ. ತಿಳಿಯುವುದಿಲ್ಲವಂತೆ! ಮಗನೇ, ಒಂದು ಬಜೆಟ್ಟು ನನ್ನ ಮನೆಯೊಳಗೇ ಬಂದು ಕೂತಿತ್ತು, ನಿನ್ನ ಅಪ್ಪ ಹುಟ್ಟುವುದಕ್ಕೂ ಮುಂಚೆ.

ಆಗ ಇಂಡಿ ಊರಿನ ಬಜಾರದಲ್ಲಿ ನಮ್ಮದೊಂದು ಚಿಮಣಿ ಎಣ್ಣೆ ಅಂಗಡಿಯಿತ್ತು. ಚಿಮಣಿ ದೀಪಕ್ಕೆ ಹಾಕುವ ಸೀಮೆಎಣ್ಣೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅಂಗಡಿ ಅಂದರೆ ಏನು ಮಹಾ? ಬಾಡಿಗೆಯ ಒಂದು ಖೋಲಿ, ಮುಂದೊಂದು ಕಟ್ಟೆ, ಹಿಂದೆ ಪರದೆ ಕಟ್ಟಿಕೊಂಡು ನಮ್ಮಿಬ್ಬರ ಸಂಸಾರ. ಅನ್ನಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ ವಾಸನೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ವಾಕರಿಕೆ ಬರುತ್ತಿತ್ತು. ಆಮೇಲೆ ತವರಿಗೆ ಹೋದಾಗ ಆ ವಾಸನೆ ಇಲ್ಲದೆ ನಿದ್ದೆ ಬರಲಿಲ್ಲ.

ಅಂಗಡಿ ಹಾಕುವ ಮುಂಚೆ ಅವರು ಬಜಾರದ ದೊಡ್ಡ ಎಣ್ಣೆ ವ್ಯಾಪಾರಿಯ ಹತ್ತಿರ ಹಮಾಲಿ ಮಾಡುತ್ತಿದ್ದರು. ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಬಂದ ಎಣ್ಣೆ ಡಬ್ಬಿಗಳನ್ನು ಬೆನ್ನ ಮೇಲೆ ಹೊತ್ತು ಒಳಗೆ ಇಡುವ ಕೆಲಸ. ಎಂಟು ವರ್ಷ ಹೊತ್ತರು. ಪೈಸೆಗೆ ಪೈಸೆ ಕೂಡಿಸಿ ಸ್ವಂತ ಅಂಗಡಿ ಹಾಕುತ್ತೇನೆ ಎಂದಾಗ ಆ ಸಾವ್ಕಾರ ಸಿಟ್ಟು ಮಾಡಲಿಲ್ಲ. “ಹೋಗು, ಚಲೋ ಆತು. ನಮ್ಮ ಬಾಗಲಾ ತೆರದ ಇರ್ತೈತಿ, ಯಾವಾಗ ಬೇಕಾದ್ರೂ ತಿರುಗಿ ಬಾ” ಎಂದನಂತೆ. ಅವರಿಗೆ ಅದು ಹಾರೈಕೆಯ ಹಾಗೆ ಕೇಳಿಸಿತ್ತು. ನನಗೆ ಹಾಗೆ ಕೇಳಿಸಲಿಲ್ಲ. ಏನಾದರೂ ಆಗಲಿ, ಆ ಬಾಗಿಲಿಗೆ ತಿರುಗಿ ಹೋಗಬಾರದು, ಇದೊಂದೇ ನಮ್ಮಿಬ್ಬರ ಹಟ.

ಅವರ ವ್ಯಾಪಾರದಲ್ಲಿ ಎರಡು ಕಟ್ಟಳೆ ಇದ್ದವು. ಬಿಸ್ಮಿಲ್ಲಾ ಅನ್ನದೆ ಬೆಳಗಿನ ಅಳತೆಯ ಮೊದಲ ಮಾಪು ಸುರಿಯುವುದಿಲ್ಲ. ಕೊಸರು ಹಾಕದೆ ಯಾರ ಬಾಟಲಿಯನ್ನೂ ತಿರುಗಿ ಕೊಡುವುದಿಲ್ಲ. ಅಳೆದು ಹಾಕಿದ ಮೇಲೆ ಮಾಪಿನಿಂದ ಇನ್ನೊಂದಿಷ್ಟು, ಒಂದು ಗುಟುಕಿನಷ್ಟು. ಕೊರಳಿಗೆ ಸುತಲಿ ಕಟ್ಟಿದ ಬಾಟಲಿ ಹಿಡಿದು ಬಂದ ಹೆಣ್ಣುಮಕ್ಕಳು “ಕಾಕಾ, ಕೊಸರು” ಅನ್ನುವ ಮುಂಚೆಯೇ ಅವರ ಕೈ ಬಾಗಿರುತ್ತಿತ್ತು. “ಅಳತಿ ನನ್ನ ಧರ್ಮ, ಕೊಸರು ನನ್ನ ಖುಷಿ” ಅನ್ನುತ್ತಿದ್ದರು.

ಚೀನಾದ ಯುದ್ಧ ಮುಗಿದ ಮರುವರ್ಷದ ಮಾತು. ರಂಜಾನ್ ಹಬ್ಬ ಮುಗಿದು ಮೂರು ನಾಲ್ಕು ದಿನವಾಗಿತ್ತು. ಹೊಲಗಳಲ್ಲಿ ಬಿಳಿಜೋಳದ ರಾಶಿಯ ಸುಗ್ಗಿ. ರಾಶಿ ಕಾಯುವವರಿಗೆ ಕಂದೀಲು ಬೇಕು, ಕಂದೀಲಿಗೆ ಎಣ್ಣೆ ಬೇಕು. ಲಚ್ಯಾಣದವರೆಗೂ ನಮ್ಮ ಗಿರಾಕಿಗಳಿದ್ದರು. ಅದಕ್ಕೇ ಅವರು ಇದ್ದಬದ್ದ ರೊಕ್ಕವನ್ನೆಲ್ಲ ಸುರಿದು ಹನ್ನೊಂದು ಡಬ್ಬಿ ತಂದಿಟ್ಟಿದ್ದರು. ಅಷ್ಟು ಮಾಲು ನಮ್ಮ ಖೋಲಿ ಎಂದೂ ಕಂಡಿರಲಿಲ್ಲ. ಕಾಲು ಚಾಚಿ ಮಲಗಲು ಜಾಗವಿರಲಿಲ್ಲ, ಆದರೂ ನಾನು ಹಿಗ್ಗಿಹೋಗಿದ್ದೆ.

ಆ ಸಂಜೆ ರೇಡಿಯೋದಲ್ಲಿ ಬಜೆಟ್ಟಿನ ಸುದ್ದಿ ಬಂತು. ಯುದ್ಧದ ಖರ್ಚಿಗೆಂದು ಸರಕಾರ ಚಿಮಣಿ ಎಣ್ಣೆಯ ಮೇಲಿನ ತೆರಿಗೆ ಏರಿಸಿದೆ. ರೇಡಿಯೋ ಇದ್ದದ್ದು ಸಾವ್ಕಾರನ ಮನೆಯಲ್ಲಿ. ದೀಪ ಹಚ್ಚುವ ಹೊತ್ತಿಗೆ ಅವನ ಅಂಗಡಿಯ ಬಾಗಿಲು ಹಾಕಿಬಿಟ್ಟಿತ್ತು. ಬಾಟಲಿ ಹಿಡಿದು ಹೋದವರಿಗೆ “ಎಣ್ಣಿ ತೀರೈತಿ” ಎಂಬ ಜವಾಬು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು, ಎಣ್ಣೆಯೂ ಹುಟ್ಟಿತು, ದರ ಮಾತ್ರ ಹೊಸದು. ಬಜಾರದ ಮಿಕ್ಕವರೂ ಹಾಗೇ ಮಾಡಿದರು.

ನಾನೂ ಸುದ್ದಿ ಕೇಳಿ ಕುಣಿದಾಡಿದೆ. “ಏನ್ರಿ, ಹನ್ನೊಂದು ಡಬ್ಬಿ ಅದಾವ! ಅಲ್ಲಾ ಕಣ್ಣ ತೆರದ ನೋಡ್ಯಾನ. ಹೊಸಾ ರೇಟಿಗೆ ಮಾರಿದ್ರ ಮುಂದಿನ ವರ್ಷದ ಬಾಡಿಗಿ ಇವತ್ತ ಬಂದಂಗ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಇದು ಹಳೇ ಎಣ್ಣಿ ಐತಿ. ಇದಕ್ಕ ಸರಕಾರ ನನ್ನ ಕಡೆಯಿಂದ ಹೊಸಾ ತೆರಿಗಿ ತಗೊಂಡಿಲ್ಲ. ನಾ ಮಂದಿ ಕಡೆಯಿಂದ ಹೆಂಗ ತಗೊಳ್ಳಲಿ?”

“ಎಲ್ಲಾರೂ ತಗೊಳ್ಳಾಕತ್ತಾರಲ್ಲ?”

“ಅದು ಸಿಪಾಯಿಗಳ ರೊಕ್ಕ. ಗಡಿಯಾಗ ಚಳಿಯಾಗ ನಿಂತವರ ರೊಕ್ಕ. ಅದನ್ನ ನನ್ನ ಕಿಸೆಕ ಹಾಕ್ಕೊಂಡ್ರ ಹರಾಮ್ ಆಗ್ತೈತಿ.”

ಹಿಂದಿನ ಚಳಿಗಾಲದಲ್ಲಿ ಯುದ್ಧದ ನಿಧಿಗೆ ಬಂಗಾರ ಕೊಡಿರೆಂದು ಕೇಳಿಕೊಂಡು ಬಂದವರಿಗೆ ನನ್ನ ಕಿವಿಯ ಬುಗುಡಿ ಬಿಚ್ಚಿ ಕೊಡಿಸಿದ್ದವರು ಅವರು. ಅಂಥ ಮನುಷ್ಯನ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಕಟ್ಟೆಯ ಮೇಲೆ ಮಾಪು, ಲಾಳಿಕೆ ಇಟ್ಟುಕೊಂಡು ಕೂತರು. ಹಳೇ ಎಣ್ಣೆಗೆ ಹಳೇ ರೇಟು. ಮೇಲೆ ಕೊಸರು ಬೇರೆ. ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನದ ನಮಾಜಿನ ಹೊತ್ತಿಗೆ ಓಣಿ ತುಂಬ ಜನ. “ನೀ ದೊಡ್ಡ ಮನುಷ್ಯಾ ನೋಡಪಾ” ಎಂದು ಒಬ್ಬ ಮುದುಕ ಅವರ ಹೆಗಲು ತಟ್ಟಿದ. ಪರದೆಯ ಹಿಂದೆ ನಿಂತ ನನಗೂ ಆಗ ಒಂದು ಗಳಿಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ?

ಆದರೆ ನನ್ನ ಕಣ್ಣು ಸುಮ್ಮನಿರುವ ಕಣ್ಣಲ್ಲ. ಒಬ್ಬ ಹೆಂಗಸು ಬಾಯಿ ಸೊಟ್ಟಾದ ತಗಡಿನ ಡಬ್ಬ ಹಿಡಿದು ಬೆಳಿಗ್ಗೆ ಬಂದಿದ್ದಳು. ಮಧ್ಯಾಹ್ನ ಮತ್ತೆ ಬಂದಳು. ಸಂಜೆ ಮೂರನೆಯ ಸಲ ಬಂದಾಗ ಗುರುತು ಹಿಡಿದೆ. ಸಾವ್ಕಾರನ ಅಂಗಡಿಯ ಹಮಾಲನ ಹೆಂಡತಿ ಅವಳು. ಅವಳ ಹಿಂದೆ ಇನ್ನೂ ಇಬ್ಬರು ಅವನ ಆಳುಗಳ ಮನೆಯವರೇ. ನಮ್ಮಿಂದ ಹಳೇ ರೇಟಿಗೆ ಒಯ್ದ ಎಣ್ಣೆ ಅವನ ಡಬ್ಬಿಗೆ ಸುರಿದು, ಅಲ್ಲಿಂದ ಹೊಸ ರೇಟಿಗೆ ಊರಿಗೆ ಹೋಗುತ್ತಿತ್ತು!

ಮಾಪು ಹಿಡಿದು ಕೂತಿದ್ದ ಅವರನ್ನು ಒಳಗೆ ಕರೆದು ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೂ ಹೇಳಿದ್ದೇನು ಗೊತ್ತೇ? “ಬಾಟ್ಲಿ ಹಿಡಕೊಂಡು ಬಂದವರನ್ನ ನೀ ಯಾರ ಪೈಕಿ ಅಂತ ಕೇಳಿ ಎಣ್ಣಿ ಹಾಕಬೇಕೇನು? ಹಂಗ ಮಾಡಿದ್ರ ಅದು ಅಂಗಡಿ ಆಗೂದಿಲ್ಲ.”

ಆಗ ನನ್ನ ತಲೆ ಕೆಟ್ಟಿತು. ಹಸಿದವಳ ಸಿಟ್ಟಲ್ಲ ಅದು, ಹೆದರಿದವಳ ಸಿಟ್ಟು. ಖೋಲಿಯಲ್ಲಿ ಖಾಲಿ ಡಬ್ಬಿಗಳು ಒಂದರ ಮೇಲೊಂದು ಏರುತ್ತಿದ್ದವು. ಹೊರಗೆ ಗಿರಾಕಿಗಳು ಕೇಳುವ ಹಾಗೆ ಒದರಿದೆ: “ನಿಮ್ಮ ಧರ್ಮಾ ಇಮಾನು ಒಯ್ದು ಚಿಮಣ್ಯಾಗ ಹಾಕಿ ಹಚ್ಚರಿ! ಉರಿತೈತೇನು ನೋಡೂಣು!”

ಅವರು ಹೊರಗೆ ಹೋಗಿ ಮುಂದಿನವರ ಬಾಟಲಿ ತೆಗೆದುಕೊಂಡರು. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರೆ. ನನ್ನದು ಮುತ್ತೂ ಅಲ್ಲ, ಕಲ್ಲು.

ನಾಲ್ಕು ದಿನದಲ್ಲಿ ಹನ್ನೊಂದೂ ಡಬ್ಬಿ ಬರಿದಾದವು. ಬಂದ ರೊಕ್ಕ ಕಟ್ಟಿಕೊಂಡು ಹೊಸ ಮಾಲು ತರಲು ಹೋದರೆ, ಹೊಸ ದರದಲ್ಲಿ ಅದಕ್ಕೆ ಬಂದದ್ದು ಎಂಟೇ ಡಬ್ಬಿ. ಆಗ ಅವರಿಗೆ ತಿಳಿಯಿತು. ತಮಗೆ ಸೇರಬಾರದ ರೊಕ್ಕ ಎಂದು ಬಿಟ್ಟುಕೊಟ್ಟಿದ್ದರಲ್ಲ, ಅದೇ ಮುಂದಿನ ಮಾಲಿನ ಬಂಡವಾಳವಾಗಿತ್ತು. ಮಿಕ್ಕ ವ್ಯಾಪಾರಿಗಳಿಗೆ ಇದು ಹುಟ್ಟುತ್ತಲೇ ಗೊತ್ತಿರುವ ಲೆಕ್ಕ. ಬೆನ್ನ ಮೇಲೆ ಡಬ್ಬಿ ಹೊತ್ತು ಬಂದವರಿಗೆ ಎಲ್ಲಿಂದ ಗೊತ್ತಾಗಬೇಕು?

ಹೊಸ ಎಣ್ಣೆಗೆ ಹೊಸ ರೇಟು ಹೇಳಿದ ದಿನ ನೋಡಬೇಕಿತ್ತು ನೀವು. ಹೆಗಲು ತಟ್ಟಿದ ಅದೇ ಮುದುಕ ಬಂದ. ದರ ಕೇಳಿದ. ಬಾಟಲಿಯನ್ನು ಕಟ್ಟೆಗೆ ಕುಕ್ಕಿದ.

“ಸಾವ್ಕಾರ ಸರಕಾರ ಹೇಳಿದ ದಿನಾನ ಏರಿಸಿದ, ಅದು ಸರಕಾರದ ತಪ್ಪು. ನಿನ್ನಿ ತನಕ ನೀ ಹಳೇ ರೇಟಿಗೆ ಕೊಟ್ಟಿ. ಇವತ್ತ ನಿನಗ ಯಾವ ಸರಕಾರ ಬಂದು ಕಿವಿಯಾಗ ಹೇಳ್ತು?”

“ಇದು ಹೊಸಾ ಮಾಲು ಐತ್ರಿ ಯಜಮಾನರ, ಇದಕ್ಕ ತೆರಿಗಿ ಕೊಟ್ಟು ತಂದೇನಿ” ಎಂದು ಅವರು ಕೈ ಮುಗಿದರು.

“ಎಣ್ಣಿ ಮಾರಿ ಮ್ಯಾಲ ಹೊಸಾದು ಹಳೇದು ಅಂತ ಬರದಿರ್ತೈತೇನೋ? ನೋಡಾಕ ಎರಡೂ ಒಂದ ಅದಾವ.”

ಮುದುಕನ ಮಾತಿಗೆ ನಾಲ್ಕು ಮಂದಿ ಹೂಂ ಎಂದರು. ಊರೆಲ್ಲ ಏರಿಸಿದಾಗ ಸರಕಾರಕ್ಕೆ ಬೈದ ಬಾಯಿಗಳು, ಒಬ್ಬರೇ ತಡವಾಗಿ ಏರಿಸಿದಾಗ ಅವರಿಗೆ ಬೈದವು. ಮೊದಲು ಅಗ್ಗಕ್ಕೆ ಕೊಟ್ಟು ಬಲೆಗೆ ಹಾಕಿಕೊಂಡ, ಈಗ ಸುಲಿಯುತ್ತಾನೆ ಎಂದರು. ನಾಲ್ಕು ದಿನ ಕೊಟ್ಟ ಕೊಸರು ಯಾರಿಗೂ ನೆನಪಿರಲಿಲ್ಲ. ಥೂ, ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಸಾವ್ಕಾರ ಮಾತ್ರ ಜಾಣ. ಹಳೇ ಎಣ್ಣೆಯ ಮೇಲೆ ಬಂದ ಪುಕ್ಕಟೆ ರೊಕ್ಕ ಕೈಯಲ್ಲಿತ್ತು, ಅದರಲ್ಲಿ ಧಾರಾಳಿಯಾದ. ಒಂದು ಕೊಸರಿನ ಜಾಗದಲ್ಲಿ ಎರಡು ಕೊಸರು ಹಾಕಿಸತೊಡಗಿದ. ಜನ ಅತ್ತ ಹರಿದರು. ಅದೂ ಅಲ್ಲದೆ ಎಣ್ಣೆ ತುಟ್ಟಿಯಾದ ಮೇಲೆ ಮನೆಮನೆಯಲ್ಲಿ ಬತ್ತಿ ಇಳಿಯಿತು. ಎರಡು ಚಿಮಣಿ ಉರಿಯುವಲ್ಲಿ ಒಂದು. ಬೆಳಕಿದ್ದಾಗಲೇ ಉಂಡು ಮಲಗುವವರು ಹೆಚ್ಚಿದರು. ನಮ್ಮ ಎಂಟು ಡಬ್ಬಿ ಆರಾದವು, ಆರು ಮೂರಾದವು. ಮಾಲು ತರಲು ಇದ್ದ ಒಂದು ಸೈಕಲ್ಲೂ ಮಾರಾಟವಾಯಿತು. ಆದರೂ ಬಂದ ಒಬ್ಬಿಬ್ಬರಿಗೆ ಅವರು ಕೊಸರು ಹಾಕುವುದು ಬಿಡಲಿಲ್ಲ. ನಾನೂ ಬಿಡಿ ಎನ್ನಲಿಲ್ಲ. ನನ್ನ ಬಾಯಿ ಒದರಿದ ಆ ದಿನವೇ ಬಂದ್ ಆಗಿತ್ತು.

ಮೊಹರಮ್ ಬರುವಷ್ಟರಲ್ಲಿ ಖೋಲಿಯ ಕೀಲಿ ಮಾಲೀಕನಿಗೆ ಕೊಟ್ಟೆವು. ಊರ ಹೊರಗೆ ಒಂದು ಮಣ್ಣಿನ ಮನೆ ಹಿಡಿದೆವು. ಮರುವಾರ ಅವರು ನಸುಕಿನಲ್ಲೆದ್ದು ಹಳೇ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಾಗಿಲು ತೆರೆದೇ ಇರುತ್ತದೆ ಎಂದು ಸಾವ್ಕಾರ ಅಂದಿದ್ದನಲ್ಲ, ತೆರೆದೇ ಇತ್ತು.

ಸಾವ್ಕಾರ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಅದನ್ನೂ ಹೇಳಬೇಕು. ಇವರ ಅಳತೆಯ ಕೈ ಗೊತ್ತಿದ್ದುದರಿಂದ ಹಮಾಲಿ ಬಿಡಿಸಿ ಎಣ್ಣೆ ಅಳೆಯಲು ಕೂರಿಸಿದ. ಅಷ್ಟರಲ್ಲಿ ಬಜಾರದಲ್ಲಿ ಅವನಿಗೆ ಎದುರು ಯಾರೂ ಉಳಿದಿರಲಿಲ್ಲ. ಎರಡು ಕೊಸರು ಒಂದಾಯಿತು, ಒಂದು ಸೊನ್ನೆಯಾಯಿತು. “ತೆರಿಗಿ ಕೊಟ್ಟ ಎಣ್ಣಿ ಐತಿ, ಒಂದ ಹನಿ ಹೆಚ್ಚಿಗಿ ಹೋಗಬಾರದು” ಎಂದು ಆಳುಗಳಿಗೆಲ್ಲ ತಾಕೀತು ಮಾಡಿದ.

ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಮನೆಯ ಎಣ್ಣೆ ತೀರಿತು. ಸಂಜೆ ಅವರೇ ತರಬಹುದಿತ್ತು. ನನಗೆ ಅದೇನು ಬುದ್ಧಿ ಬಂತೋ, ಬಾಟಲಿ ಹಿಡಿದು ಹೋದೆ. ಅವರು ಅಲ್ಲಿ ಹೇಗೆ ಕೂತಿರುತ್ತಾರೆ ಎಂದು ಒಮ್ಮೆ ನೋಡಬೇಕಿತ್ತು, ಅಷ್ಟೇ. ಸೆರಗು ಮುಂದೆಳೆದುಕೊಂಡು ಸಾಲಿನಲ್ಲಿ ನಿಂತೆ. ನನ್ನ ಪಾಳಿ ಬಂತು. ಅವರು ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಬಾಟಲಿ ತೆಗೆದುಕೊಂಡು ಲಾಳಿಕೆ ಇಟ್ಟು ಮಾಪು ಸುರಿದರು. ಸುರಿದು ಮುಗಿದ ಮೇಲೆ ಅವರ ಕೈ, ಅದಕ್ಕೇನು ಗೊತ್ತು ಪಾಪ, ಹಳೆಯ ರೂಢಿಯಂತೆ ಇನ್ನೊಂದು ಸಲ ಬಾಗಿತು. ಒಂದು ಗುಟುಕು ಬಾಟಲಿಗೆ ಬಿತ್ತು.

ಗಾದಿಯ ಮೇಲೆ ಕೂತ ಸಾವ್ಕಾರ ಬೈಯಲಿಲ್ಲ. ಬರೀ ಕೆಮ್ಮಿದ.

ಅವರು ಬಾಟಲಿ ಬಾಗಿಸಿ ಕೊಸರನ್ನು ಡಬ್ಬಿಗೆ ತಿರುಗಿ ಸುರಿದರು. ಅವಸರದಲ್ಲಿ ಬಾಟಲಿ ತುಸು ಹೆಚ್ಚೇ ಬಾಗಿತು. ಕೊಸರಿನ ಜೊತೆ ಅಳತೆಯದೂ ಒಂದಿಷ್ಟು ಹೋಯಿತು. ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ಕಣ್ಣಲ್ಲಿ ನೀರಿದ್ದರೆ ಏನು ಕಾಣುತ್ತದೆ? ನಾನು ಪೈಸೆ ಕೊಟ್ಟು, ಬಾಟಲಿ ಸೆರಗಿನೊಳಗೆ ಇಟ್ಟುಕೊಂಡು ಬಂದೆ.

ಸಂಜೆ ಅವರು ಬಂದು ಕೈಕಾಲು ತೊಳೆದು, ಬಾಟಲಿ ಇಟ್ಟಿದ್ದ ಗೋಡೆಯ ಮಾಡದ ಹತ್ತಿರ ಹೋದರು. ಬಾಟಲಿಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಅಳೆದು ಪಳಗಿದವರಿಗೆ ನೋಡಿದೊಡನೆ ತಿಳಿಯುತ್ತದೆ. ಮೂರು ವರ್ಷ ಸ್ವಂತ ಅಂಗಡಿ, ಆಮೇಲೆ ಸಾವ್ಕಾರನ ಅಂಗಡಿ, ಯಾರಿಗೂ ಕಡಿಮೆ ಹಾಕಿದವರಲ್ಲ. ಕಡಿಮೆ ಹಾಕಿದ್ದು ಒಬ್ಬಳಿಗೇ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವರು ಬಾಟಲಿಯನ್ನು ತಿರುಗಿ ಮಾಡದಲ್ಲಿ ಇಟ್ಟರು. ಆಮೇಲೆ ಮೆಲ್ಲಗೆ ಅಂದರು:

“ಅವತ್ತ ನೀ ಅಂದಿದ್ದು ಖರೇ ಆತು ನೋಡು. ಇಮಾನು ಉರಿಲಿಲ್ಲ.”

ಅಲ್ಲ ಎನ್ನಬೇಕಿತ್ತು ನಾನು. ಎದ್ದು ಹೋಗಿ ಕೈ ಹಿಡಿದು, ಸಿಟ್ಟಿನಲ್ಲಿ ಆಡಿದೆ, ತಪ್ಪಾಯಿತು, ನೀವೇ ಸರಿ ಎನ್ನಬೇಕಿತ್ತು. ಆಮೇಲೆ ಇಪ್ಪತ್ತೈದು ವರ್ಷ ಜೊತೆಯಲ್ಲಿ ಬಾಳಿದೆವು, ಒಂದು ದಿನವೂ ಅದನ್ನು ಹೇಳಲಾಗಲಿಲ್ಲ. ಅವತ್ತು ಕೈಯಲ್ಲಿ ಹಿಟ್ಟಿತ್ತು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.