ಜೇವರ್ಗಿಯ ಮಿನಾಜ ಮತ್ತು ನನ್ನ ಏಳನೇ ನಿಯಮ

ಮಿನಾಜಳ ಬಗ್ಗೆ ಬರೆಯಲು ನನಗಿಂತ ತಕ್ಕವರು ಸಿಗಲಾರರು. ಆಕೆಯನ್ನು ಮೆಚ್ಚುವವರು ಆಳಂದದಿಂದ ಜೇವರ್ಗಿಯವರೆಗೂ ಇದ್ದಾರೆ. ಆದರೆ ಮೆಚ್ಚಿಕೊಂಡವರು ಸರಿಯಾಗಿ ನೋಡುವುದಿಲ್ಲ. ನಾನು ನಾಲ್ಕು ವರ್ಷ ಹೊಟ್ಟೆ ಉರಿದುಕೊಂಡು ನೋಡಿದ್ದೇನೆ. ಆಕೆ ಯಾವ ಪೆನ್ನು ಹಿಡಿಯುತ್ತಾಳೆ, ಎಷ್ಟು ಪುಟಕ್ಕೊಮ್ಮೆ ಚಹಾ ಕುಡಿಯುತ್ತಾಳೆ ಎಂಬುದೂ ನನಗೆ ಗೊತ್ತು.

ನಾನು ಗುರುನಾಥ. ಆಳಂದದಲ್ಲಿ ಮಲ್ಲಣ್ಣನವರ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷದಿಂದ ಹಸ್ತಪ್ರತಿ ತಿದ್ದುತ್ತಿದ್ದೇನೆ. ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದ ಆ ಪ್ರೆಸ್ಸು ಪುಸ್ತಕಕ್ಕೆ ಕೈ ಹಾಕಿದಾಗ, ಲೇಖಕರು ಒಂದು ಪುಟದಲ್ಲಿ ಕಿಲೋಮೀಟರು, ಮುಂದಿನ ಪುಟದಲ್ಲಿ ಹರದಾರಿ ಬರೆದು ತರುತ್ತಿದ್ದರು. ಬೇಸತ್ತು ನಾನೇ ಕೂತು ಹನ್ನೊಂದು ಪುಟದ ನಿಯಮಾವಳಿ ಬರೆದೆ. ತಾರೀಖು ಹೇಗೆ ಹಾಕಬೇಕು, ಅಂಕಿ ಎಲ್ಲಿ ಬರೆಯಬೇಕು, ಊರಿನ ಹೆಸರು ಯಾವ ರೂಪದಲ್ಲಿರಬೇಕು, ಎಲ್ಲ ಅದರಲ್ಲಿತ್ತು. ಏಳನೇ ನಿಯಮದ ಮೇಲೆ ನನಗೆ ಹೆಚ್ಚು ಅಭಿಮಾನ. ಪುಸ್ತಕದಲ್ಲಿ ಯಾರೇ ಬರಲಿ, ಮೊದಲ ಸಲ ಬಂದಾಗ ಅವರ ಪೂರ್ಣ ಹೆಸರು, ಊರು, ಕಸುಬು ಕೊಡಬೇಕು ಎಂಬುದು ಆ ನಿಯಮ. ನೋಡಿದವರೆಲ್ಲ ಇದನ್ನು ಮೆಚ್ಚಿದ್ದರು.

ಮಿನಾಜ ಜೇವರ್ಗಿಯ ದರ್ಜಿ ಶರಫುದ್ದೀನರ ಮಗಳು. ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿ, ಕೆಲಸ ಸಿಗದೆ, ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಳು. ನಾನು ತಿದ್ದಿದ ಒಂದು ಪುಸ್ತಕ ಹೇಗೋ ಆಕೆಯ ಕೈಗೆ ಬಿತ್ತು. ತಾರೀಖು ಮೂರು ಬಗೆಯಲ್ಲಿದೆ, ಒಂದೇ ಊರಿಗೆ ಎರಡು ಹೆಸರಿದೆ ಎಂದು ಹತ್ತೊಂಬತ್ತು ಕಡೆ ಗುರುತು ಹಾಕಿ, ಬಹಳ ಮರ್ಯಾದೆಯಿಂದ ಮಲ್ಲಣ್ಣನವರಿಗೆ ವಾಟ್ಸಾಪ್ ಮಾಡಿದಳು. ಮಲ್ಲಣ್ಣನವರು ಬಿದ್ದು ಬಿದ್ದು ನಕ್ಕು, ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ವಾರಕ್ಕೆರಡು ದಿನ ಪ್ರೆಸ್ಸಿಗೆ ಬರುತ್ತಾಳೆ, ಉಳಿದ ದಿನ ಜೇವರ್ಗಿಯ ಮನೆಯಲ್ಲೇ ಕೆಲಸ. ಆಕೆಯ ಕೆಲಸದ ರೀತಿಯೇ ಬೇರೆ. ಪ್ರತಿ ಹಸ್ತಪ್ರತಿಗೂ ಒಂದು ಉದ್ದ ಹಾಳೆ ಇಡುತ್ತಾಳೆ. ಯಾವ ಪುಟದಲ್ಲಿ ಏನು ತೀರ್ಮಾನ ಮಾಡಿದೆ ಎಂದು ಅದರಲ್ಲಿ ಬರೆಯುತ್ತ ಹೋಗುತ್ತಾಳೆ, ಕೊನೆಯ ಪುಟಕ್ಕೆ ಬಂದ ಮೇಲೆ ಆ ಹಾಳೆ ಹಿಡಿದು ಮತ್ತೆ ಮೊದಲಿನಿಂದ ಓದುತ್ತಾಳೆ. ಶರಫುದ್ದೀನರು ಇಪ್ಪತ್ತು ವರ್ಷದ ಗಿರಾಕಿ ಬಂದರೂ ಹೊಸದಾಗಿ ಅಳತೆ ತೆಗೆಯುತ್ತಿದ್ದರಂತೆ. ನೆನಪಿನಲ್ಲಿ ಗಿರಾಕಿಯ ಸೊಂಟ ಬೆಳೆಯುವುದಿಲ್ಲ ಎನ್ನುತ್ತಿದ್ದರಂತೆ. ಮಗಳಿಗೂ ಅದೇ ಚಾಳಿ. ನಾನು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುವವನು. ಏನವ್ವ, ಹಾಳೆಗೂ ಕಾಜಾ ಹೊಲಿಯುತ್ತೀಯೇನು ಎಂದು ನಾನು ಆಕೆಯ ಕಾಲೆಳೆದಾಗ ಆಕೆಯೂ ನಗುತ್ತಿದ್ದಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನೂ ಏರುತ್ತಿತ್ತು.

ಕಳೆದ ವರ್ಷ ಮಲ್ಲಣ್ಣನವರು ಭೀಮಾ ದಂಡೆಯ ಹನ್ನೆರಡು ಊರುಗಳ ಚರಿತ್ರೆಯನ್ನು ಒಂದು ಮಾಲಿಕೆಯಾಗಿ ತರಲು ಹೊರಟರು. ಹನ್ನೆರಡನ್ನೂ ಒಬ್ಬರೇ ತಿದ್ದಬೇಕು, ಪುಸ್ತಕದ ಮೇಲೆ ಅವರ ಹೆಸರೂ ಬರುತ್ತದೆ ಎಂದರು. ಅದು ನನ್ನದೇ ಎಂದು ನಾನು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಆದರೆ ಮಲ್ಲಣ್ಣನವರು ಮಣ್ಣೂರಿನ ಚರಿತ್ರೆಯ ಎರಡನೇ ಮುದ್ರಣವನ್ನು ಮಿನಾಜಳಿಗೆ ಕೊಟ್ಟರು. ನಿಯಮಾವಳಿ ಒಂದು ಕಡೆಯೂ ತಪ್ಪದೆ ಬಂದರೆ ಮಾಲಿಕೆ ಆಕೆಗೆ, ಇಲ್ಲದಿದ್ದರೆ ನನಗೆ ಎಂದರು. ಮಣ್ಣೂರಿನ ನಿವೃತ್ತ ಹೆಡ್‌ಮಾಸ್ತರ ದೇವಿಂದ್ರಪ್ಪನವರು ಬರೆದ ಆ ಪುಸ್ತಕದ ಮೊದಲ ಮುದ್ರಣವನ್ನು ಹದಿನೈದು ವರ್ಷದ ಹಿಂದೆ ತಿದ್ದಿದವನು ನಾನು. ನಾನು ಮಾಡಿದ ಅಡುಗೆಯ ಉಪ್ಪು ನೋಡಲು ಇನ್ನೊಬ್ಬರನ್ನು ಕರೆದ ಹಾಗಾಯಿತು.

ಎರಡು ತಿಂಗಳಲ್ಲಿ ಮಿನಾಜ ಪ್ರತಿ ಕಳಿಸಿದಳು. ಒಮ್ಮೆ ಕಣ್ಣಾಡಿಸುತ್ತೇನೆ ಎಂದು ಮಲ್ಲಣ್ಣನವರಿಂದ ಅದನ್ನು ಇಸಿದುಕೊಂಡೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ಅರವತ್ಮೂರನೇ ಪುಟದವರೆಗೆ ಒಂದೂ ಸಿಗಲಿಲ್ಲ.

ಸಿಕ್ಕದ್ದು ಬೇರೆಯೇ. ನಾನು ತಿದ್ದಿದ ಮುದ್ರಣದಲ್ಲಿ ‘ಒಬ್ಬ ಆಳು’, ‘ಒಬ್ಬ ಅಂಬಿಗ’, ‘ಒಬ್ಬ ಮುದುಕಿ’ ಎಂದು ನಲವತ್ತೊಂದು ಜನ ಹಾಗೇ ಉಳಿದಿದ್ದರು. ಏಳನೇ ನಿಯಮ ಅವರಿಗೂ ಹತ್ತುತ್ತದೆ ಎಂದು ಅದನ್ನು ಬರೆದ ನನಗೇ ಹೊಳೆದಿರಲಿಲ್ಲ. ಊರ ಗೌಡರ ಅಜ್ಜನ ಹೆಸರಿಗಾಗಿ ಮೂರು ಸಲ ಫೋನು ಮಾಡಿದವನು ನಾನು. ಪ್ರತಿಯ ಜೊತೆಗಿದ್ದ ಉದ್ದ ಹಾಳೆ ನೋಡಿದರೆ, ಮಿನಾಜ ಈ ನಲವತ್ತೊಂದು ಜನರಿಗಾಗಿ ಅಫಜಲಪುರದಲ್ಲಿ ಬಸ್ಸು ಬದಲಿಸಿ ಐದು ಸಲ ಮಣ್ಣೂರಿಗೆ ಹೋಗಿದ್ದಳು. ನಲವತ್ತು ಹೆಸರು ತಂದಿದ್ದಳು. ಒಂದು ಸಿಕ್ಕಿರಲಿಲ್ಲ. ಅರವತ್ನಾಲ್ಕನೇ ಪುಟದ ಆ ಸಾಲಿನ ಎದುರು ಪ್ರಶ್ನೆ ಚಿಹ್ನೆ ಇತ್ತು.

“ಶಾಲೆಯ ಬಾಗಿಲಿಗೆ ಚೌಕಟ್ಟು ಕೊಟ್ಟವರು ಊರ ಗೌಡರು. ಅದೇ ವರ್ಷ ಒಬ್ಬ ಕೂಲಿ ಹೆಂಗಸು ತನ್ನ ಮಗನನ್ನು ಹೊರಗಿನ ಕಟ್ಟೆಯ ಮೇಲಲ್ಲ, ಒಳಗೇ ಕೂರಿಸಬೇಕೆಂದು ಆರು ದಿನ ಬಾಗಿಲಲ್ಲಿ ಕೂತಳು. ಏಳನೇ ದಿನ ಒಳಗೆ ಕೂರಿಸಿದೆವು.”

ಆ ಹೆಂಗಸು ನನ್ನ ಅವ್ವ. ಆ ಮಗ ನಾನು. ಇಟ್ಟಂಗಿ ಬಟ್ಟಿಯ ಕೂಲಿಗೆಂದು ಮಣ್ಣೂರಿಗೆ ಹೋಗಿದ್ದ ನಾವು ಎರಡೇ ವರ್ಷಕ್ಕೆ ಆಳಂದಕ್ಕೆ ಬಂದೆವು. ಊರಿನವರಿಗೆ ನೆನಪಿಲ್ಲ. ದೇವಿಂದ್ರಪ್ಪನವರಿಗೂ ಅವ್ವನ ಹೆಸರು ಮರೆತಿತ್ತು. ನನ್ನ ಗುರುತೂ ಅವರಿಗೆ ಹತ್ತಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಮೊದಲ ಸಲ ತಿದ್ದುವಾಗ ಆ ಸಾಲಿನಲ್ಲಿ ಒಂದು ಅಲ್ಪವಿರಾಮ ಹಾಕಿ ಮುಂದಕ್ಕೆ ಹೋಗಿದ್ದೆ. ಪ್ರೆಸ್ಸಿನವರಿಗೆ ತಿಳಿದೀತೆಂದು ನಾಚಿಕೆಯಾಗಿತ್ತು.

ಮಧ್ಯಾಹ್ನ ಮಿನಾಜಳ ಫೋನು ಬಂತು. ಮೊದಲ ಮುದ್ರಣ ನೀವು ತಿದ್ದಿದ್ದೀರಿ, ಆ ಹೆಂಗಸಿನ ಹೆಸರು ಲೇಖಕರು ಆಗೇನಾದರೂ ಹೇಳಿದ್ದರೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಹಾಗೆನ್ನುವಾಗ ನನಗೆ ಖುಷಿಯೇ ಆಗಿತ್ತು, ಮುಚ್ಚಿಡುವುದೇಕೆ. ನಲವತ್ತು ಕಡೆ ನಡೆದ ನಿಯಮ ಒಂದು ಕಡೆ ನಡೆಯದಿದ್ದರೆ ಆಕೆ ಸೋತಂತೆ, ಮಾಲಿಕೆ ನನ್ನದು. ಹೆಸರು ಗೊತ್ತಿದ್ದವನು ನಾನೊಬ್ಬನೇ.

“ಇರ್ಲಿ ಬಿಡ್ರಿ ಸರ್,” ಎಂದಳು ಮಿನಾಜ. “ಪುಟದ ಕೆಳಗ ಬರೀತೇನಿ. ಆಕಿ ಹೆಸರಿಲ್ಲದಾಕಿ ಅಲ್ಲ, ತಿದ್ದಿದಾಕಿಗೆ ಸಿಗಲಿಲ್ಲ, ತಪ್ಪು ನಂದು ಅಂತ.”

ಅವತ್ತು ಇಡೀ ದಿನ ಆ ಮಾತು ನನ್ನನ್ನು ಕೊರೆಯಿತು. ನನ್ನ ಸುಳ್ಳಿನ ತಪ್ಪನ್ನು ಆಕೆ ತನ್ನ ಹೆಸರಿಗೆ ಬರೆದುಕೊಳ್ಳಲು ಹೊರಟಿದ್ದಳು. ಅವ್ವ ಮತ್ತೊಮ್ಮೆ ಹೆಸರಿಲ್ಲದೆ ಅಚ್ಚಾಗುತ್ತಿದ್ದಳು. ಇಷ್ಟೆಲ್ಲ ಮಾಡಿ ನಾನು ಹನ್ನೆರಡು ಪುಸ್ತಕದ ಮೇಲೆ ನನ್ನ ಹೆಸರು ಹಾಕಿಸಿಕೊಳ್ಳುವವನಿದ್ದೆ. ಮರುದಿನ ಬೆಳಿಗ್ಗೆ ಪ್ರೆಸ್ಸಿನ ಹೊರಗೆ ನಿಂತು ನಾನೇ ಫೋನು ಹಚ್ಚಿದೆ.

“ಬರಕೋ. ಆಕಿ ಹೆಸರು ಸಾಬವ್ವ. ಊರು ಚೌಡಾಪುರ. ಇಟ್ಟಂಗಿ ಬಟ್ಟ್ಯಾಗ ಕೂಲಿ ಮಾಡ್ತಿದ್ಲು.”

“ಯಾರು ಹೇಳಿದ್ರು ಸರ್? ಉಳಿದ ನಲವತ್ತು ಮಂದಿಗೂ ಹೇಳಿದೋರ ಹೆಸರು ಹಾಕೇನಿ.”

“ಆಕಿ ಮಗ.”

“ಮಗನ ಹೆಸರು, ಊರು, ಕಸುಬು ಹೇಳ್ರಿ.”

ಆಗ ಆಕೆಯ ಮೇಲೆ ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಆಕೆ ಪೆನ್ನು ಹಿಡಿದು ಕಾಯುತ್ತಿದ್ದಳು.

“ಗುರುನಾಥ,” ಎಂದೆ. “ಆಳಂದ. ಹಸ್ತಪ್ರತಿ ತಿದ್ದೂ ಕೆಲಸ.”

ಮಿನಾಜ ಬರೆದುಕೊಂಡಳು. ಸಮಾಧಾನ ಹೇಳಲು ಹೋಗಲಿಲ್ಲ. ಆಮೇಲೆ ಅವ್ವನ ಹೆಸರಿನಿಂದ ನನ್ನ ಕಸುಬಿನವರೆಗೆ ಎಲ್ಲವನ್ನೂ ನಿಧಾನವಾಗಿ ಓದಿ, ಸರಿಯಿದೆಯೇ ಎಂದು ಕೇಳಿದಳು. ಸರಿಯಿದೆ ಎಂದೆ.

ಮಾಲಿಕೆ ಆಕೆಗೇ ಹೋಯಿತು. ಈಗ ನಾಲ್ಕನೇ ಪುಸ್ತಕ ನಡೆದಿದೆ, ಮುಂದಿನದು ಜೇವರ್ಗಿ ತಾಲೂಕಿನದಂತೆ. ನಾನು ಹೆಚ್ಚಾಗಿ ಮದುವೆ ಕಾರ್ಡು ತಿದ್ದುತ್ತೇನೆ. ಯಾರಾದರೂ ಮಿನಾಜಳನ್ನು ಹೊಗಳಿದರೆ ಈಗಲೂ ಮೂಗು ಮುರಿಯುತ್ತೇನೆ.

ಮಣ್ಣೂರಿನ ಪುಸ್ತಕ ಅಚ್ಚಾಗಿ ಬಂದ ದಿನ ಒಂದು ಪ್ರತಿ ಮನೆಗೆ ತಂದೆ. ಅವ್ವ ತೀರಿಕೊಂಡು ಆರು ವರ್ಷ. ಅರವತ್ನಾಲ್ಕನೇ ಪುಟ ತೆಗೆದಾಗ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಈ ಸಲ ಅದು ಮಾಲಿಕೆಗಾಗಿ ಅಲ್ಲ. ನಾನು ಮೊದಲ ಮುದ್ರಣ ತಿದ್ದುತ್ತಿದ್ದಾಗ ಅವ್ವ ಬದುಕಿದ್ದಳು, ಇದೇ ಮನೆಯ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪೆನ್ನು ನನ್ನ ಕೈಯಲ್ಲೇ ಇತ್ತು. ಅವ್ವನ ಹೆಸರು ಬರೆದವಳು ಮಿನಾಜ.