ಕುಂಕುಮ ಹಚ್ಚಿದ ಕಂಪ್ಯೂಟರ್

ಮೊನ್ನೆ ಹಳದಿಗಟ್ಟಿದ ಹಳೆಯ ಕೀಬೋರ್ಡೊಂದನ್ನು ಬೆಳ್ಳಗೆ ಮಾಡಲೆಂದು ಪೆರಾಕ್ಸೈಡ್ ಬಾಟಲಿಯ ಮುಚ್ಚಳ ತೆಗೆದೆ. ಮೂಗಿಗೆ ಚುರ್ರೆಂದು ಬಡಿಯುವ ಆ ವಾಸನೆ... ಕೂಡಲೇ ಸಾಸವಡದ ಅಕ್ಕೋರು ನೆನಪಾದರು. ಇಂಥದೇ ಬಾಟಲಿಯನ್ನು ಒಳಗೆ ತರಗೊಡದೆ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದವರು ಅವರು.

ಹಳೆಯ ಕಂಪ್ಯೂಟರುಗಳಿಗೆ ಬೆಲೆ ಕಟ್ಟಿ, ಸಂಗ್ರಹದ ಹುಚ್ಚಿರುವವರಿಗೆ ಮಾರಿಕೊಡುವುದು ನನ್ನ ಕಸುಬು. ನಿಗಡಿಯ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಹೆಂಡತಿ ಇದನ್ನು ಕಸುಬೆಂದು ಇನ್ನೂ ಒಪ್ಪಿಲ್ಲ, ರೋಗ ಎನ್ನುತ್ತಾಳೆ.

ಅಕ್ಕೋರು ವಿಜಯಪುರದ ಕಡೆಯವರು, ಮದುವೆಯಾಗಿ ಮರಾಠಿ ಸೀಮೆಯ ಸಾಸವಡಕ್ಕೆ ಬಂದವರು. ಮನೆಯ ಮುಂದಿನ ಕೋಣೆಯಲ್ಲಿ ಊರ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ನಾನು ಅವರಲ್ಲಿ ಕಲಿತವನಲ್ಲ, ಆದರೂ ಹಾಗೆಯೇ ಕರೆದೆ. ನಾನು ಹೋಗುವ ಹೊತ್ತಿಗೆ ಕ್ಲಾಸು ನಿಂತಿತ್ತು. ಮೈದುನನ ಮಗ ಆ ಕೋಣೆಯಲ್ಲಿ ಮೊಬೈಲ್ ಅಂಗಡಿ ತೆರೆಯುವವನಿದ್ದ. ದಸರೆಯೊಳಗೆ ಅವರ ಹಳೆಯ ಕಂಪ್ಯೂಟರಿಗೆ ಗಿರಾಕಿ ಸಿಗಬೇಕು, ಇಲ್ಲವಾದರೆ ಅದನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ತೂಕದ ಮ್ಯಾಲ ಕೊಡಂಗಿಲ್ಲ ತಮ್ಮಾ. ಮಷೀನಂತ ತಗೊಳ್ಳೋರಿಗಷ್ಟೇ ಕೊಡಾಕಿ ನಾ," ಎಂದರು ಮೊದಲ ದಿನವೇ.

ನಮ್ಮ ದೇಶದಲ್ಲೇ ತಯಾರಾಗಿ, ಎಂದೋ ನಿಂತುಹೋದ ಮಾಡೆಲ್ ಅದು. ನೋಡಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಕೀಬೋರ್ಡು, ಮಾನಿಟರು, ಫ್ಲಾಪಿ ಡ್ರೈವು ಎಲ್ಲವೂ ಜೊತೆಗಿದ್ದವು. ಸ್ವಿಚ್ ಒತ್ತಿದರೆ ಹಸಿರು ಅಕ್ಷರಗಳು ಮೂಡುತ್ತಿದ್ದವು. ಹೊಸ ಮಷೀನುಗಳು ಬಂದ ಮೇಲೂ ಅಕ್ಕೋರು ಮೊದಲ ಪಾಠವನ್ನು ಇದರ ಮೇಲೆಯೇ ಮಾಡುತ್ತಿದ್ದರಂತೆ. ಇಂಥವು ಉಳಿದಿರುವುದೇ ಅಪರೂಪ, ನಡೆಯುವಂಥದ್ದು ಸಿಕ್ಕರಂತೂ ಒಳ್ಳೆಯ ಬೆಲೆ.

ತೊಡಕು ಒಂದೇ. ಮುಂಭಾಗದ ತುಂಬ ಕೆಂಪು ಕಲೆ. ಪ್ರತಿ ಖಂಡೇನವಮಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ಆಯುಧಪೂಜೆ ಮಾಡಿದ್ದರು, ಪ್ಲಾಸ್ಟಿಕ್ ಅದನ್ನು ಕುಡಿದು ಕೂತಿತ್ತು. ಫೋಟೊ ನೋಡಿದ ಗಿರಾಕಿಗಳು ತುಕ್ಕು ಹಿಡಿದಿದೆ ಎಂದುಕೊಂಡು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಗಲೇ ನಾನು ಬಾಟಲಿ ಹಿಡಿದು ಹೋದದ್ದು.

"ಏನದು ಕೈಯಾಗ?"

"ಕಲೆ ತೆಗೀತೀನ್ರಿ ಅಕ್ಕೋರ. ಬೆಲೆ ಭಾಳ ಏರ್ತದ."

"ಹೊರಗ ಇಟ್ಟು ಬಾ. ಚಹಾ ಕುಡಿ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ನನಗೆ ಸಿಟ್ಟೇ ಬಂತು. ದಸರೆ ಹತ್ತಿರವಾಗಿತ್ತು, ಹುಡುಗ ಅಂಗಡಿಯ ಬೋರ್ಡನ್ನೂ ಬರೆಸಿ ತಂದಿಟ್ಟಿದ್ದ. ಇವರು ನೋಡಿದರೆ ಇದ್ದ ಹಟವನ್ನೆಲ್ಲ ಕುಂಕುಮದ ಮೇಲೆ ಹೂಡಿ ಕೂತಿದ್ದರು...

ಕೊನೆಗೆ ಉಡುಪಿ ಕಡೆಯ ಗಿರಾಕಿಯೊಬ್ಬರನ್ನು ಕರೆದುಕೊಂಡು ಹೋದೆ. ವಿಮಾನ ನಗರದಲ್ಲಿ ಹೋಟೆಲ್ ನಡೆಸುವವರು. ಹೋಟೆಲಿನ ಮೇಲಂತಸ್ತಿನ ಹಾಲ್‌ನಲ್ಲಿ ಹಳೆ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದ ಶೋಕಿ ಮನುಷ್ಯ. ಸಾವಕಾಶವಾಗಿ ನಡೆಸಿ ನೋಡಿ ಹೇಳಿದರು, "ಮಷೀನು ಲಾಯ್ಕುಂಟು ಅಮ್ಮ. ಆದ್ರೆ ಈ ಕಲೆಗೆ ರೇಟು ಸ್ವಲ್ಪ ಇಳಿಸ್ಬೇಕು."

ಅಕ್ಕೋರು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತರು. "ನಿಮ್ಮ ಹೋಟೆಲ್ನ್ಯಾಗ ಗ್ರೈಂಡರಿಗೆ ಪೂಜಾ ಮಾಡ್ತೀರಿಲ್ರಿ?"

"ಮಾಡ್ತೇವಲ್ಲ."

"ಕೆಟ್ಟು ಮೂಲ್ಯಾಗ ಬಿದ್ದ ಗ್ರೈಂಡರಿಗೆ?"

"ಅದಕ್ಕೆ ಯಾರು ಮಾಡ್ತಾರೆ?"

"ಮತ್ತ? ಈ ಕುಂಕುಮ ನೋಡ್ರಿ. ಒಂದು ವರ್ಷನೂ ಇದು ಸುಮ್ನ ಕುಂತಿಲ್ಲ. ಅದಕ್ಕ ರೇಟು ಏರಸ್ಬೇಕ್ರಿ, ಇಳಸೂದಲ್ಲ."

ಹೋಟೆಲಿನವರು ನನ್ನ ಮುಖ ನೋಡಿದರು. ಕೇಳಿದ ಬೆಲೆಗೇ ವ್ಯಾಪಾರ ಕುದುರಿ, ಹಬ್ಬಕ್ಕೆ ಮೊದಲೇ ಮಷೀನು ವಿಮಾನ ನಗರ ಸೇರಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕೋರು ಬಿಡುವವರೇ? ಹೋಟೆಲಿನವರ ನಂಬರ್ ಇಟ್ಟುಕೊಂಡು ಆಗಾಗ ಫೋನ್ ಮಾಡತೊಡಗಿದರು. ಕೇಳುತ್ತಿದ್ದುದು ಒಂದೇ ಮಾತು: "ಚಾಲೂ ಅದ ಇಲ್ರಿ?" ಊಟದ ಗದ್ದಲದಲ್ಲಿ ಗಲ್ಲಾ ಮೇಲೆ ಕೂತಿರುವಾಗಲೇ ಫೋನ್ ಬರುತ್ತದೆಂದು ಹೋಟೆಲಿನವರು ನನ್ನೆದುರು ಗೊಣಗುವರು. "ಮಾರಿದ ಮೇಲೂ ಇವರದ್ದೇ ದರ್ಬಾರು ಮಾರಾಯ್ರೆ!" ಆದರೂ ಅಕ್ಕೋರಿಗೆ ಸುಳ್ಳು ಹೇಳಲು ಅವರಿಗೆ ಧೈರ್ಯವಿರಲಿಲ್ಲ. ಪ್ರತಿ ಸಲ ಮೇಲೆ ಹತ್ತಿ, ಮಷೀನು ಹಚ್ಚಿ ನೋಡಿಯೇ ಉತ್ತರ ಕೊಡುತ್ತಿದ್ದರು. ನಡೆಸದೆ ಇಟ್ಟರೆ ಇಂಥ ಮಷೀನುಗಳು ಒಳಗೊಳಗೇ ಕೆಡುತ್ತವೆ. ಆ ಹಾಲ್‌ನಲ್ಲಿ ಎಷ್ಟೋ ಮಷೀನುಗಳು ಹಾಗೆ ಕಣ್ಣು ಮುಚ್ಚಿದವು, ಇದು ಮಾತ್ರ ಗಟ್ಟಿಯಾಗಿ ನಿಂತಿತು.

ಕಳೆದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಸಾಸವಡಕ್ಕೆ ಹೋಗಿ ಬಂದೆ. ಹೋಟೆಲಿನವರಿಗೆ ತಿಳಿಸಬೇಕೆಂದುಕೊಂಡರೂ ಯಾಕೋ ಮನಸ್ಸು ಬಾರದೆ ದಿನಗಳು ಉರುಳಿದವು... ಮೊನ್ನೆ ಆ ವಾಸನೆ ಸುಮ್ಮನಿರಗೊಡಲಿಲ್ಲ. ಕೈ ತೊಳೆದುಕೊಂಡು ಫೋನ್ ಹಚ್ಚಿದೆ.

"ಅಮ್ಮನ ಫೋನೇ ಇಲ್ಲ ಮಾರಾಯ್ರೆ, ಸೌಖ್ಯದಲ್ಲಿದ್ದಾರಾ?" ಎಂದರು ಅವರೇ ಮೊದಲು.

ಹೇಳಿದೆ. ಆ ಕಡೆ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು, ಅದರ ಹಿಂದೆಯೇ ಸ್ವಿಚ್ಚಿನದು, ಫ್ಲಾಪಿ ಡ್ರೈವಿನ ಗರಗರ...

"ಚಾಲೂ ಉಂಟು," ಎಂದರು.

ಅದನ್ನು ಇನ್ನು ಯಾರಿಗೆ ಹೇಳಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.